ಇಸ್ರೇಲ್ ಬೇಕೋ, ಹಾಲೆಂಡ್ ಬೇಕೋ: ಹನ್ನೆರಡು ಎಕರೆ ಹೊಲಕ್ಕೆ ಯಾವ ಬೇಸಾಯ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಬಸವನ ಬಾಗೇವಾಡಿ ತಾಲೂಕು. ಹನ್ನೆರಡು ಎಕರೆ ಹೊಲ ಇದೆ. ಅದರಲ್ಲಿ ಒಂಬತ್ತು ಎಕರೆ ಎರೆ (ಕಪ್ಪು ಮಣ್ಣು), ಮೂರು ಎಕರೆ ಮಡ್ಡಿ (ಗಟ್ಟಿ ನೆಲ). ಒಂದೇ ಬೋರ್. ಸಂಕ್ರಾಂತಿವರೆಗೆ ಚೆನ್ನಾಗಿ ಹೊಡೆಯುತ್ತದೆ, ಶಿವರಾತ್ರಿ ದಾಟಿದರೆ ತಡೆದು ತಡೆದು ಬರುತ್ತದೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಇಸ್ರೇಲಿನ ಹನಿ ನೀರಾವರಿ, ಹಾಲೆಂಡಿನ ಗಾಜಿನ ಮನೆ, ಜಪಾನಿನ ಸಹಜ ಕೃಷಿ, ಅಮೆರಿಕದ ದೊಡ್ಡ ಯಂತ್ರಗಳ ಬೇಸಾಯ, ಎಲ್ಲದರ ವಿಡಿಯೊ ನೋಡಿ ತಲೆ ಕೆಟ್ಟಿದೆ. ಅಪ್ಪ ಕಬ್ಬು ಹಚ್ಚೋಣ ಅಂತಾರೆ. ಮುತ್ಯಾ (ಅಜ್ಜ) ಮಾತ್ರ ‘ಹಿಂಗಾರಿ ಜ್ವಾಳ ಬಿಟ್ಟು ಮತ್ತೇನೂ ಬ್ಯಾಡ’ ಅಂತ ಹಟ ಹಿಡಿದಿದ್ದಾರೆ. ಜಗತ್ತಿನ ಯಾವ ಪದ್ಧತಿ ನಮ್ಮ ಹೊಲಕ್ಕೆ ಹೊಂದುತ್ತದೆ?

ಉತ್ತರ: ನೀವು ನೋಡಿದ ವಿಡಿಯೊಗಳು ಸುಳ್ಳಲ್ಲ. ಆ ಬೇಸಾಯಗಳೂ ಒಳ್ಳೆಯವೇ. ಆದರೆ ಒಂದೊಂದೂ ಹುಟ್ಟಿದ್ದು ಒಂದೊಂದು ಕೊರತೆಯಿಂದ. ವಿಡಿಯೊದಲ್ಲಿ ಫಸಲು ಕಾಣುತ್ತದೆ, ಕೊರತೆ ಕಾಣುವುದಿಲ್ಲ. ಅಲ್ಲಿನವರಿಗೆ ಏನು ಕಮ್ಮಿ ಇತ್ತು, ನಮಗೆ ಏನು ಕಮ್ಮಿ ಇದೆ ಅಂತ ಮೊದಲು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಹಾಲೆಂಡನ್ನೇ ತಗೊಳ್ಳಿ. ನಮ್ಮ ಕರ್ನಾಟಕದ ಕಾಲು ಭಾಗದಷ್ಟೂ ಇಲ್ಲದ ದೇಶ. ಜನವರಿಯಲ್ಲಿ ಸರಾಸರಿ ಉಷ್ಣತೆ ಮೂರ್ನಾಲ್ಕು ಡಿಗ್ರಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ. ಅಂಥಲ್ಲಿ ಟೊಮೆಟೊ ಬೆಳೆಯಬೇಕಾದರೆ ಬಿಸಿಲನ್ನು ಹಿಡಿದಿಟ್ಟುಕೊಳ್ಳಲೇಬೇಕು. ಅದಕ್ಕೇ ಸುಮಾರು 10 ಸಾವಿರ ಹೆಕ್ಟೇರ್ ನೆಲದ ಮೇಲೆ ಗಾಜಿನ ಮನೆ ಕಟ್ಟಿದ್ದಾರೆ. ಗಿಡಗಳ ಬೇರು ಮಣ್ಣಲ್ಲಿ ಇರುವುದಿಲ್ಲ, ಕಲ್ಲಿನಿಂದ ಮಾಡಿದ ನಾರಿನ ದಿಂಡಿನಲ್ಲಿರುತ್ತದೆ. ಗ್ಯಾಸ್ ಉರಿಸಿ ಒಳಗೆ ಬಿಸಿ ಮಾಡುತ್ತಾರೆ, ಅದೇ ಹೊಗೆಯ ಕಾರ್ಬನ್ ಡೈಆಕ್ಸೈಡ್ ಅನ್ನು ಗಿಡಕ್ಕೂ ಉಣಿಸುತ್ತಾರೆ. ಒಂದು ಚದರ ಮೀಟರ್‌ಗೆ 50 ಕಿಲೋಗೂ ಜಾಸ್ತಿ ಟೊಮೆಟೊ ತೆಗೆಯುತ್ತಾರೆ. ಕೇಳಿದರೆ ಬಾಯಲ್ಲಿ ನೀರೂರುತ್ತದೆ, ಅಲ್ವಾ? 2022ರಲ್ಲಿ ಗ್ಯಾಸ್ ಬೆಲೆ ಏರಿದಾಗ ಅಲ್ಲಿನ ಎಷ್ಟೋ ಬೆಳೆಗಾರರು ಗಾಜಿನ ಮನೆ ಖಾಲಿ ಬಿಟ್ಟು ಕೂತರು. ಅದು ವಿಡಿಯೊದಲ್ಲಿ ಬಂದಿರಲಿಕ್ಕಿಲ್ಲ.

ಈಗ ನಮ್ಮ ಕಡೆ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿ ಹಿಡಿದಿಡುವ ಮನೆ ಕಟ್ಟಿ, ಆಮೇಲೆ ಅದನ್ನು ತಣ್ಣಗೆ ಮಾಡಲು ಫ್ಯಾನ್, ನೀರಿನ ಪ್ಯಾಡ್, ಕರೆಂಟ್ ಅಂತ ಖರ್ಚು ಮಾಡಬೇಕು. ಅವರಿಗೆ ಇಲ್ಲದ ಬಿಸಿಲು ನಮಗೆ ಬೇಡ ಅನ್ನುವಷ್ಟಿದೆ. ಮೆಣಸಿನಕಾಯಿ, ಟೊಮೆಟೊ ಸಸಿ ಮಾಡಿ ಮಾರುವ ಮನಸ್ಸಿದ್ದರೆ ನಾಲ್ಕೈದು ಗುಂಟೆಯಲ್ಲಿ ನೆರಳು ಪರದೆ ಹಾಕಿ. ಅಷ್ಟು ಸಾಕು.

ಅಮೆರಿಕದ ಕಥೆ ಬೇರೆ. ಅಲ್ಲಿ ನೆಲ ಬೇಕಾದಷ್ಟು, ಆಳು ಇಲ್ಲ. ಸರಾಸರಿ ಒಂದು ಹಿಡುವಳಿ 450 ಎಕರೆಗೂ ಮೇಲೆ. ಗಂಡ, ಹೆಂಡತಿ, ಒಬ್ಬ ಮಗ ಸೇರಿ ಸಾವಿರ ಎಕರೆ ಮೆಕ್ಕೆಜೋಳ ಮಾಡುತ್ತಾರೆ. ಅದರ ಹೆಚ್ಚಿನ ಪಾಲು ಹೋಗುವುದು ದನ, ಹಂದಿ, ಕೋಳಿ ಮೇವಿಗೆ ಮತ್ತು ಎಥೆನಾಲ್‌ಗೆ. ಒಬ್ಬ ಆಳಿನಿಂದ ಎಷ್ಟು ಎಕರೆ ಆಗುತ್ತದೆ ಅನ್ನುವುದು ಅವರ ಲೆಕ್ಕ. ಒಂದು ಎಕರೆಯಿಂದ ಎಷ್ಟು ಹೊಟ್ಟೆ ತುಂಬುತ್ತದೆ ಅನ್ನುವುದು ನಿಮ್ಮ ಲೆಕ್ಕ. ಹನ್ನೆರಡು ಎಕರೆಗೆ ಸಾಲ ಮಾಡಿ ದೊಡ್ಡ ಟ್ರ್ಯಾಕ್ಟರ್ ತರಬೇಡಿ, ಬಾಡಿಗೆಗೆ ಸಿಗುತ್ತದೆ.

ಜಪಾನಿನ ಸಹಜ ಕೃಷಿ ಕೇಳೋಕೆ ಚೆಂದ. ಉಳುಮೆ ಇಲ್ಲ, ಗೊಬ್ಬರ ಇಲ್ಲ, ಹುಲ್ಲೇ ಹೊದಿಕೆ. ಆದರೆ ಜಪಾನಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 1,700 ಮಿ.ಮೀ. ಹುಲ್ಲು ತಾನಾಗೇ ಬೆಳೆಯುತ್ತದೆ, ತಾನಾಗೇ ಕೊಳೆಯುತ್ತದೆ. ನಮ್ಮಲ್ಲಿ ಫೆಬ್ರವರಿಯಲ್ಲಿ ಬಿದ್ದ ಕಸ ಮೇ ತಿಂಗಳಲ್ಲೂ ಹಾಗೇ ಬಿದ್ದಿರುತ್ತದೆ. ಫಿಲಿಪೈನ್ಸಿನ ಗುಡ್ಡದ ಮೆಟ್ಟಿಲು ಗದ್ದೆ, ಮಂಗೋಲಿಯದ ಅಲೆಮಾರಿ ದನಗಾರಿಕೆ, ನಮ್ಮದೇ ಪಶ್ಚಿಮ ಘಟ್ಟದಲ್ಲಿ ಕಾಡು ಸವರಿ ಸುಟ್ಟು ಮಾಡುತ್ತಿದ್ದ ಕುಮರಿ, ಇವೂ ಅಲ್ಲಲ್ಲಿಯ ನೆಲಕ್ಕೆ ತಕ್ಕಂತೆ ಹುಟ್ಟಿದವೇ. ನಿಮ್ಮ ಹೊಲಕ್ಕೆ ಅವುಗಳ ಕೆಲಸ ಇಲ್ಲ, ಬಿಡಿ.

ಇಸ್ರೇಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕಂದ್ರೆ ನಮ್ಮ ವಿಜಯಪುರ ಜಿಲ್ಲೆಗೆ ಅಲ್ಲಿಂದ ನಿಜವಾಗಿ ಬಂದದ್ದಿದೆ. ಸೋರುತ್ತಿದ್ದ ಒಂದು ಪೈಪಿನ ಪಕ್ಕದ ಮರ ಉಳಿದವಕ್ಕಿಂತ ಸೊಂಪಾಗಿ ಬೆಳೆದದ್ದನ್ನು ಸಿಂಖಾ ಬ್ಲಾಸ್ ಅನ್ನೋ ಎಂಜಿನಿಯರ್ ಗಮನಿಸಿದ. ವರ್ಷಗಟ್ಟಲೆ ಅದರ ಹಿಂದೆ ಬಿದ್ದು ಹನಿ ತೊಟ್ಟಿಕ್ಕಿಸುವ ಸಾಧನ ಮಾಡಿದ. 1965ರಲ್ಲಿ ನೆಗೆವ್ ಮರುಭೂಮಿಯ ಹಟ್ಜೆರಿಮ್ ಅನ್ನೋ ಊರಲ್ಲಿ ಅದರ ಕಂಪನಿ ಶುರುವಾಯಿತು. ಇವತ್ತು ತಿಕೋಟಾದ ದ್ರಾಕ್ಷಿ, ಇಂಡಿ ತಾಲೂಕಿನ ಲಿಂಬೆ ತೋಟಗಳಲ್ಲಿ ಹರಿದಾಡುವ ಕರಿ ಪೈಪಿನ ಮೂಲ ಅದೇ.

ನಾವು ಪೈಪ್ ತಂದೆವು, ಅದರ ಹಿಂದಿನ ಶಿಸ್ತು ತರಲಿಲ್ಲ. ಅಲ್ಲಿ 1959ರ ಕಾಯ್ದೆಯ ಪ್ರಕಾರ ನೀರೆಲ್ಲ ಸರ್ಕಾರದ್ದು. ರೈತನಿಗೆ ಮೀಟರ್ ಇದೆ, ಇಷ್ಟೇ ಅನ್ನೋ ಪಾಲು ಇದೆ. ಊರಿನ ಬಚ್ಚಲು ನೀರನ್ನು ಶುದ್ಧ ಮಾಡಿ, ಅದರಲ್ಲಿ ನೂರಕ್ಕೆ 85 ಭಾಗಕ್ಕೂ ಜಾಸ್ತಿ ಹೊಲಕ್ಕೇ ಬಿಡುತ್ತಾರೆ. ನಮ್ಮಲ್ಲಿ ಏನಾಗುತ್ತದೆ? ಹನಿ ಹಾಕಿ ಒಂದು ಎಕರೆ ನೀರು ಉಳಿಸುತ್ತೇವೆ, ಉಳಿದ ನೀರಿಗೆ ಇನ್ನೊಂದು ಎಕರೆ ದ್ರಾಕ್ಷಿ ಹಚ್ಚುತ್ತೇವೆ. ಬೋರ್ ಇನ್ನೂ ಕೆಳಗೆ ಹೋಗುತ್ತದೆ. ಹನಿ ಪೈಪಿಗೆ ತಾನಾಗಿ ನೀರು ಉಳಿಸೋಕೆ ಬರುವುದಿಲ್ಲ.

ಇನ್ನೊಂದು ಮಾತು. ಹನಿ ಬೀಳುವ ಜಾಗದ ಸುತ್ತ ಮಣ್ಣಿನ ಮೇಲೆ ಬೆಳ್ಳಗೆ ಒಂದು ಉಂಗುರ ಕಾಣುತ್ತದೆ, ನೋಡಿದ್ದೀರಾ? ಅದು ಉಪ್ಪು. ಬೋರಿನ ನೀರಲ್ಲಿ ಕರಗಿದ ಉಪ್ಪು ಹಸಿಯ ಅಂಚಿಗೆ ಬಂದು ಕೂರುತ್ತದೆ. ಡೋಣಿ ನದಿ ಸುತ್ತಮುತ್ತ ನೀರು ಸಪ್ಪೆ ಇಲ್ಲ ಅಂತ ನಿಮಗೆ ಹೇಳಬೇಕಿಲ್ಲ. ಜೋರು ಮಳೆ ಬಂದು ತೊಳೆದರೆ ಸರಿ, ಇಲ್ಲದಿದ್ದರೆ ಮೂರ್ನಾಲ್ಕು ವರ್ಷದಲ್ಲಿ ಬೇರು ಸುಡುತ್ತದೆ. ಹುನಗುಂದ ತಾಲೂಕಿನ ರಾಮಥಾಳದಲ್ಲಿ ಸುಮಾರು 24 ಸಾವಿರ ಹೆಕ್ಟೇರಿನ ಹನಿ ನೀರಾವರಿ ಯೋಜನೆ ಇದೆ. ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾದದ್ದು. ನಿಮ್ಮೂರಿಂದ ದೂರವೇನಿಲ್ಲ. ಒಂದು ದಿನ ಬೈಕ್ ತಗೊಂಡು ಹೋಗಿ ಬನ್ನಿ. ನೀರು ಸರಿಯಾಗಿ ಮುಟ್ಟಿದ ಹೊಲದವರನ್ನೂ ಮುಟ್ಟದ ಹೊಲದವರನ್ನೂ ಮಾತಾಡಿಸಿ. ಪೈಪ್ ಹಾಕುವುದು ಎಷ್ಟು ಸುಲಭ, ಅದನ್ನು ನಡೆಸಿಕೊಂಡು ಹೋಗುವುದು ಎಷ್ಟು ಕಷ್ಟ ಅನ್ನೋದು ಅಲ್ಲಿ ಗೊತ್ತಾಗುತ್ತದೆ.

ಹಾಗಾದರೆ ನಮ್ಮ ಕೊರತೆ ಏನು? ವರ್ಷಕ್ಕೆ 600 ಮಿ.ಮೀ. ಒಳಗಿನ ಮಳೆ. ಅದೂ ಜೂನ್, ಜುಲೈನಲ್ಲಿ ನಂಬುವ ಹಾಗಿಲ್ಲ, ಸೆಪ್ಟೆಂಬರ್‌ನಲ್ಲಿ ಜೋರು. ಬದಲಿಗೆ ನಮಗಿರುವ ಆಸ್ತಿ ಎರೆ ಮಣ್ಣು. ಒಂದು ಮೀಟರ್ ಆಳದ ಒಳ್ಳೆ ಎರೆ, ಬೆಳೆಗೆ ದಕ್ಕುವಂಥ ನೀರನ್ನು ಸುಮಾರು 200 ಮಿ.ಮೀ.ನಷ್ಟು ಹಿಡಿದಿಡುತ್ತದೆ. ಒಂದು ಎಕರೆ ಮೇಲೆ ಒಂದು ಮಿ.ಮೀ. ಅಂದರೆ 4 ಸಾವಿರ ಲೀಟರ್. ಲೆಕ್ಕ ಹಾಕಿ, ಎಕರೆಗೆ 8 ಲಕ್ಷ ಲೀಟರ್ ಆಯಿತು. ಯಾವ ಪ್ಲಾಸ್ಟಿಕ್ ಹಾಳೆಯೂ ಇಲ್ಲ, ಪಂಪೂ ಇಲ್ಲ. ಹಿಂದೆ ಜೋಳ ತುಂಬಿಡುತ್ತಿದ್ದ ಹಗೇವಿನ ಹಾಗೆ, ನಿಮ್ಮ ಹೊಲ ನೀರಿನ ಹಗೇವು.

ನಿಮ್ಮ ಮುತ್ಯಾ ಮಾಡಿಕೊಂಡು ಬಂದದ್ದು ಈ ಹಗೇವು ತುಂಬಿಸಿ, ಆಮೇಲೆ ಬಾಯಿ ಮುಚ್ಚಿ, ಸ್ವಲ್ಪ ಸ್ವಲ್ಪವೇ ತೆಗೆದು ಉಣ್ಣುವ ಬೇಸಾಯ. ಮುಂಗಾರಿನಲ್ಲಿ ಹೊಲ ಖಾಲಿ ಬಿಡುತ್ತಾರೆ. ಮಳೆ ಬಿದ್ದಾಗೆಲ್ಲ ಕುಂಟೆ ಹೊಡೆದು ಕಸ ತೆಗೆಯುತ್ತಾರೆ. ಉತ್ತರಿ, ಹಸ್ತ ಮಳೆಗೆ ಹದ ನೋಡಿ ಕೂರಿಗೆ ಹೂಡುತ್ತಾರೆ. ಆಮೇಲೆ ಫೆಬ್ರವರಿವರೆಗೆ ಹನಿ ಬೀಳದಿದ್ದರೂ ಮಾಲದಂಡಿ ಜೋಳ ತೆನೆ ಹಾಕುತ್ತದೆ. ಎಲ್ಲಿಂದ ಬಂತು ನೀರು? ಕೆಳಗಿಂದ. ಚಳಿ ಶುರುವಾದ ಮೇಲೆ ಎರೆ ಬಿರಿಯುತ್ತದಲ್ಲ, ಆ ಬಿರುಕಿನಲ್ಲಿ ಕೈ ಇಟ್ಟು ನೋಡಿ. ಮೊಣಕೈವರೆಗೆ ಹೋಗುತ್ತದೆ, ಒಳಗೆ ತಂಪು ತಾಗುತ್ತದೆ. ಆ ತಂಪು ಹೊರಗೆ ಹೋಗುತ್ತಿರುವ ನಿಮ್ಮ ನೀರು. ಅದಕ್ಕೇ ಹಿರಿಯರು ಕಸ ಇಲ್ಲದಿದ್ದರೂ ಎಡೆ ಹೊಡೆಯುತ್ತಾರೆ. ಮೇಲಿನ ಪುಡಿ ಮಣ್ಣು ಬಿರುಕಿಗೆ ಇಳಿದು ಬಾಯಿ ಮುಚ್ಚುತ್ತದೆ. ‘ಡೋಣಿ ಹರಿದರೆ ಓಣೆಲ್ಲ ಜೋಳ’ ಅಂತ ಸುಮ್ನೆ ಹೇಳಲಿಲ್ಲ.

ಇದು ಹಳೇ ಕಾಲದ್ದು, ಹಿಂದುಳಿದದ್ದು ಅಂತ ನಿಮಗೆ ಅನ್ನಿಸಬಹುದು. ಹಾಗಿಲ್ಲ. ಜಗತ್ತಿನ ಒಣ ನಾಡುಗಳಲ್ಲಿ ಇದೇ ತತ್ವ ನಡೆಯುತ್ತದೆ. ಅಮೆರಿಕದ ಪಶ್ಚಿಮ ಬಯಲಿನಲ್ಲಿ ಗೋಧಿ ಬೆಳೆಯುವವರೂ ಒಂದು ಹಂಗಾಮು ಹೊಲ ಖಾಲಿ ಬಿಟ್ಟು ಹಸಿ ಕೂಡಿಸುತ್ತಾರೆ. ಅವರು 1920ರ ದಶಕದಲ್ಲಿ ಹುಲ್ಲುಗಾವಲನ್ನೆಲ್ಲ ಉತ್ತು ಬೆತ್ತಲೆ ಮಾಡಿದರು. 1930ರ ದಶಕದಲ್ಲಿ ಬರ ಬಂತು, ಗಾಳಿ ಬಂತು, ಮೇಲ್ಮಣ್ಣು ಧೂಳಾಗಿ ಎದ್ದಿತು. 1935ರ ಏಪ್ರಿಲ್ 14ರಂದು ಎದ್ದ ಧೂಳಿನಲ್ಲಿ ಹಗಲೇ ಕತ್ತಲಾಯಿತು. ಅದೇ ತಿಂಗಳು ಅಲ್ಲಿ ಮಣ್ಣು ಉಳಿಸುವ ಕಾಯ್ದೆ ಬಂತು. ಅದೇ ದಶಕದಲ್ಲಿ ನಮ್ಮ ದೇಶದಲ್ಲಿ ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್‌ಗಳಲ್ಲಿ ಒಣ ಬೇಸಾಯದ ಸಂಶೋಧನೆ ಶುರುವಾಯಿತು. ನೀವು ಇಸ್ರೇಲ್ ವಿಡಿಯೊ ನೋಡುವ ಹೊತ್ತಿನಲ್ಲಿ ವಿಜಯಪುರದ ಹಿಟ್ಟಿನಹಳ್ಳಿ ಫಾರ್ಮಿಗೆ ಹೋಗಿ ಬರಬಹುದು. ಅಲ್ಲಿ ಚೌಕುಮಡಿ ಕಣ್ಣಾರೆ ನೋಡಲು ಸಿಗುತ್ತದೆ. ಮುಂಗಾರಿನಲ್ಲಿ ಹೊಲವನ್ನು ಸಣ್ಣ ಸಣ್ಣ ಚೌಕ ಮಾಡಿ ಗಿಡ್ಡ ಬದು ಕಟ್ಟುವುದು, ಅಷ್ಟೇ. ಬಿದ್ದ ಮಳೆ ಓಡದೆ ಅಲ್ಲೇ ಇಂಗುತ್ತದೆ. ನಿಮ್ಮ ಒಂಬತ್ತು ಎಕರೆಗೆ ನಾನು ಹೇಳುವ ಮೊದಲ ಕೆಲಸ ಇದೇ.

ನಿಮ್ಮ ಹೊಲದ ನಿಜವಾದ ಬೀಗರು ಎಲ್ಲಿದ್ದಾರೆ ಗೊತ್ತಾ? ಒಬ್ಬರು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನಲ್ಲಿ, ಇನ್ನೊಬ್ಬರು ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ.

ಕ್ವೀನ್ಸ್‌ಲ್ಯಾಂಡಿನ ಡಾರ್ಲಿಂಗ್ ಡೌನ್ಸ್ ಬಯಲಿಗೆ ಹೋದರೆ ನಿಮಗೆ ನಿಮ್ಮ ಹೊಲವೇ ಕಂಡ ಹಾಗಾಗುತ್ತದೆ. ಅದೇ ಬಿರಿಯುವ ಕಪ್ಪು ಮಣ್ಣು, ಅದೇ ಜೋಳ. ಅಲ್ಲಿನವರು ಬಿತ್ತುವ ಮುಂಚೆ ಒಂದು ಉಕ್ಕಿನ ಸರಳು ಹಿಡಿದು ಹೊಲದಲ್ಲಿ ಓಡಾಡುತ್ತಾರೆ. ಮೀಟರಿಗಿಂತ ಸ್ವಲ್ಪ ಉದ್ದ, ಹತ್ತು ಮಿ.ಮೀ. ದಪ್ಪ, ಮೇಲೆ ಟಿ ಆಕಾರದ ಹಿಡಿಕೆ. ತುದಿಗೆ ಸರಳಿಗಿಂತ ಚೂರು ದಪ್ಪನೆಯ ಬೇರಿಂಗ್ ಗುಂಡು ಬೆಸೆದಿರುತ್ತಾರೆ, ಪಕ್ಕದ ಮಣ್ಣು ಸರಳನ್ನು ಕಚ್ಚದಿರಲಿ ಅಂತ. ಮೈಭಾರ ಹಾಕಿ ಒತ್ತಿದರೆ ಹಸಿ ಮಣ್ಣಲ್ಲಿ ಸರಳು ಇಳಿಯುತ್ತದೆ, ಒಣ ಮಣ್ಣು ಬಂದ ಕೂಡಲೇ ನಿಲ್ಲುತ್ತದೆ. ಎಷ್ಟು ಇಳಿಯಿತೋ ಅಷ್ಟು ನೀರಿದೆ ಅಂತ ಲೆಕ್ಕ. ಅದನ್ನು ನೋಡಿ ಬಿತ್ತಬೇಕೋ ಬೇಡವೋ, ಬಿತ್ತಿದರೆ ಎಷ್ಟು ಒತ್ತಾಗಿ ಅಂತ ತೀರ್ಮಾನ ಮಾಡುತ್ತಾರೆ. ಹಸಿ ಕಮ್ಮಿ ಇದ್ದರೆ ಎರಡು ಸಾಲು ಬಿತ್ತಿ ಒಂದು ಸಾಲು ಖಾಲಿ ಬಿಡುವವರೂ ಇದ್ದಾರೆ. ಆ ಖಾಲಿ ಸಾಲಿನ ನೀರು ಕಾಳು ತುಂಬುವ ಹೊತ್ತಿಗೆ ಒದಗುತ್ತದೆ.

ಇದನ್ನು ನಿಮ್ಮೂರ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಸೆಪ್ಟೆಂಬರ್ ಕೊನೆಗೆ ಹೊಲದ ಹತ್ತು ಕಡೆ ಚುಚ್ಚಿ ನೋಡಿ. ಒಂದೊಂದು ಅಡಿ ಹಸಿಗೆ ಹೆಚ್ಚೂಕಮ್ಮಿ 60 ಮಿ.ಮೀ. ನೀರು ಅಂತ ಹಿಡಿಯಿರಿ. ಮೂರು ಅಡಿ ಇಳಿದರೆ ಧೈರ್ಯವಾಗಿ ಜೋಳ ಬಿತ್ತಿ. ಎರಡು ಅಡಿಗೇ ನಿಂತರೆ ನಾನಾಗಿದ್ದರೆ ಜೋಳದ ಸಾಲು ಅಗಲ ಮಾಡಿ, ಉಳಿದ ಹೊಲಕ್ಕೆ ಕಡಲೆ ಹಾಕುತ್ತೇನೆ. ಮುತ್ಯಾ ಇದನ್ನು ನೋಡಿ ನಗಬಹುದು. ಅವರು ಹಿಮ್ಮಡಿ ಊರಿ ಹದ ಹೇಳುವವರು. ನಿಮಗೆ ಆ ಹಿಮ್ಮಡಿ ಇನ್ನೂ ಬಂದಿಲ್ಲವಲ್ಲ, ಅಲ್ಲಿವರೆಗೆ ಸರಳು ಇರಲಿ.

ಆಸ್ಟ್ರೇಲಿಯದಿಂದ ಒಂದನ್ನು ಮಾತ್ರ ತರಲಾಗದು. ಅವರು ಕೊಯ್ಲಾದ ಮೇಲೆ ದಂಟನ್ನು ಹೊಲದಲ್ಲೇ ಬಿಡುತ್ತಾರೆ, ಉಳುವುದಿಲ್ಲ, ಕಸಕ್ಕೆ ಔಷಧಿ ಹೊಡೆಯುತ್ತಾರೆ. ಬ್ರೆಜಿಲ್, ಅರ್ಜೆಂಟೀನಾದಲ್ಲೂ ಹೀಗೇ ಉಳದೆ ಬಿತ್ತುವುದು ದೊಡ್ಡದಾಗಿ ಹಬ್ಬಿದೆ. ಮಣ್ಣಿಗೆ ಒಳ್ಳೆಯದು, ಸಂಶಯವಿಲ್ಲ. ಆದರೆ ಕಣಿಕಿ (ಜೋಳದ ಒಣ ದಂಟು) ಹೊಲದಲ್ಲೇ ಬಿಟ್ಟರೆ ಎತ್ತು, ಎಮ್ಮೆ ಏನು ತಿನ್ನಬೇಕು? ಬರದ ವರ್ಷ ನಮ್ಮಲ್ಲಿ ಕಾಳಿಗಿಂತ ಕಣಿಕಿಗೇ ಬೆಲೆ ಬರುತ್ತದೆ. ಮೇಲಿನ ದಂಟು ಮನೆಗೆ ತನ್ನಿ, ಕೂಳೆ ಸ್ವಲ್ಪ ಎತ್ತರ ಬಿಡಿ. ದನ ತಿನ್ನದ ತೊಗರಿ ಕಟ್ಟಿಗೆ, ಕುಸುಬೆ ಮುಳ್ಳು ಇದ್ದರೆ ಸುಡಬೇಡಿ, ಕತ್ತರಿಸಿ ಹೊಲಕ್ಕೇ ಹಾಕಿ. ಬೇಸಿಗೆಯಲ್ಲಿ ಕುರಿಗಾರರು ಬಂದರೆ ನಾಲ್ಕು ರಾತ್ರಿ ಹೊಲದಲ್ಲೇ ಹಿಂಡು ತರುಬಲು ಹೇಳಿ, ಹಿಕ್ಕೆ ಗೊಬ್ಬರವಾಗುತ್ತದೆ. ಈಗ ಅದಕ್ಕೂ ದುಡ್ಡು ಕೇಳುತ್ತಾರೆ, ಕೊಡಿ. ಚೀಲದ ಗೊಬ್ಬರಕ್ಕಿಂತ ಅಗ್ಗವೇ ಬೀಳುತ್ತದೆ.

ಇನ್ನು ನಿಮ್ಮ ಮಡ್ಡಿ. ಮೂರು ಎಕರೆ ಮಡ್ಡಿಗೆ ಎರೆಯ ಬುದ್ಧಿ ನಡೆಯುವುದಿಲ್ಲ. ಗಟ್ಟಿ ನೆಲ, ಮೇಲೆ ಹೆಪ್ಪು, ಮಳೆ ಬಿದ್ದರೆ ಜಾರಿ ಹೋಗುತ್ತದೆ. ಇದಕ್ಕೆ ಬುರ್ಕಿನಾ ಫಾಸೊ ನೋಡಬೇಕು. ಅಲ್ಲಿನ ಯಾಟೆಂಗಾ ಪ್ರಾಂತ್ಯದಲ್ಲೂ ಮಳೆ ನಮ್ಮಷ್ಟೇ ಅನ್ನಬಹುದು, ಬೆಳೆ ಅದೇ ಜೋಳ, ಸಜ್ಜೆ. 1980ರ ಸುಮಾರಿಗೆ ಬರದಿಂದ ಊರೂರೇ ಗುಳೆ ಹೋಗುತ್ತಿದ್ದಾಗ ಯಾಕೂಬಾ ಸಾವಡೋಗೊ ಅನ್ನೋ ರೈತ ಊರು ಬಿಡಲಿಲ್ಲ. ಅಲ್ಲಿ ಹಿಂದಿನಿಂದ ‘ಜಾಯ್’ ಅಂತ ಕರೆಯುವ ಗುಂಡಿ ಪದ್ಧತಿ ಇತ್ತು. ಅವನು ಅದನ್ನು ಅಗಲ ಮಾಡಿದ, ಆಳ ಮಾಡಿದ, ಗೊಬ್ಬರ ಹಾಕಿದ. ಬೇಸಿಗೆಯಲ್ಲೇ ಒಂದಡಿ ಅಗಲ, ಅರ್ಧ ಅಡಿ ಆಳದ ಗುಂಡಿ ತೆಗೆಯಬೇಕು. ಅಗೆದ ಮಣ್ಣನ್ನು ಇಳಿಜಾರಿನ ಕಡೆಗೆ ಸಣ್ಣ ಬದು ಮಾಡಬೇಕು. ಒಂದೆರಡು ಹಿಡಿ ಸಗಣಿ ಗೊಬ್ಬರ ಹಾಕಿ ಬಿಡಬೇಕು. ಗೊಬ್ಬರಕ್ಕೆ ಗೆದ್ದಲು ಬರುತ್ತದೆ, ಗೆದ್ದಲು ನೆಲ ಕೊರೆಯುತ್ತದೆ, ಆ ತೂತಿನಲ್ಲಿ ನೀರು ಇಳಿಯುತ್ತದೆ. ಗೆದ್ದಲನ್ನು ಕೆಲಸಕ್ಕೆ ಹಚ್ಚಿದ ಮಹಾಶಯ! 2018ರಲ್ಲಿ ಅವನಿಗೆ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು, 2023ರಲ್ಲಿ ತೀರಿಕೊಂಡ.

ಮೂರು ಎಕರೆಗೂ ಇಂಥ ಗುಂಡಿ ಅಗೆಯಲು ಹೋಗಬೇಡಿ, ಸೊಂಟ ಬೀಳುತ್ತದೆ. ಎರೆಯಲ್ಲಂತೂ ಬೇಡವೇ ಬೇಡ, ನೀರು ನಿಂತು ಬೇರು ಕೊಳೆಯುತ್ತದೆ. ಮಡ್ಡಿಯಲ್ಲಿ ಒಂದು ಎಕರೆಗೆ ಮಾಡಿ, ಸಜ್ಜೆ ತೊಗರಿ ಹಾಕಿ ನೋಡಿ. ಇನ್ನೆರಡು ಎಕರೆಗೆ ಗಿಡ ಹಚ್ಚಿ. ನೈಜರ್ ದೇಶದಲ್ಲಿ ಅರ್ಧಚಂದ್ರದಂಥ ಬದು ಕಟ್ಟಿ ಇಳಿಜಾರಿನ ನೀರನ್ನು ಗಿಡದ ಬುಡಕ್ಕೆ ತರುತ್ತಾರೆ. ಅದು ನಮ್ಮ ಸೀತಾಫಲ, ಬಾರೆ, ಹುಣಸೆಗೆ ಚೆನ್ನಾಗಿ ಹೊಂದುತ್ತದೆ. ಬದುವಿನ ಮೇಲೆ ಬನ್ನಿ ಮರ, ಬೇವಿನ ಮರ ತಾನಾಗೇ ಚಿಗುರಿದರೆ ಕಡಿಯಬೇಡಿ. ಒಂದೇ ಕಾಂಡ ಉಳಿಸಿ ಸವರಿ ಬಿಡಿ. ನೈಜರ್‌ನಲ್ಲಿ ಹೀಗೆ ಹಳೇ ಬೊಡ್ಡೆಯ ಚಿಗುರನ್ನು ಉಳಿಸಿಕೊಂಡೇ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ಬಂದಿದೆ. ಒಂದು ಸಸಿಯನ್ನೂ ಕೊಂಡು ತರಲಿಲ್ಲ.

ಇನ್ನು ಅಪ್ಪನ ಕಬ್ಬು. ಇಲ್ಲಿ ನಾನು ಮುಲಾಜಿಲ್ಲದೆ ಬೇಡ ಅನ್ನುತ್ತೇನೆ. ಆದರೆ ನನ್ನ ಮಾತು ಬೇಡ, ನೀವೇ ಅಳೆಯಿರಿ. ಬೋರಿನ ಬಾಯಿಗೆ 200 ಲೀಟರಿನ ಡ್ರಮ್ ಇಟ್ಟು, ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 80 ಸೆಕೆಂಡ್ ಹಿಡಿಯಿತು ಅಂತ ಇಟ್ಟುಕೊಳ್ಳೋಣ. ಗಂಟೆಗೆ 9 ಸಾವಿರ ಲೀಟರ್. ದಿನಕ್ಕೆ ಏಳು ತಾಸು ತ್ರೀ ಫೇಸ್ ಸಿಕ್ಕರೆ 63 ಸಾವಿರ ಲೀಟರ್. ಕಬ್ಬಿಗೆ ಕಮ್ಮಿ ಅಂದರೂ 1,800 ಮಿ.ಮೀ. ನೀರು ಬೇಕು. ಮಳೆಯದ್ದು 550 ಕಳೆಯಿರಿ. ಉಳಿದದ್ದು ಎಕರೆಗೆ 50 ಲಕ್ಷ ಲೀಟರ್. ಅಂದರೆ ಒಂದೇ ಒಂದು ಎಕರೆ ಕಬ್ಬಿಗೆ 80 ದಿನ ಬೋರ್ ಬೇರೇನೂ ಮಾಡದೆ ಹೊಡೆಯಬೇಕು. ಅದಕ್ಕೆ ಹೆಚ್ಚು ನೀರು ಬೇಕಾಗುವುದು ಮಾರ್ಚ್‌ನಿಂದ ಮೇ ವರೆಗೆ. ನಿಮ್ಮ ಬೋರ್ ಕೈಕೊಡುವುದೂ ಆಗಲೇ.

ಅದೇ ನೀರನ್ನು ಜೋಳಕ್ಕೆ ಕೊಟ್ಟು ನೋಡಿ. ಬೆಳೆ ಹೊಡೆಯಲ್ಲಿದ್ದಾಗ, ಅಂದರೆ ತೆನೆ ಹೊರಗೆ ಬರುವ ಮುಂಚೆ, ಡಿಸೆಂಬರ್ ಹೊತ್ತಿಗೆ, ಸ್ಪ್ರಿಂಕ್ಲರ್ ಹಾಕಿ 50 ಮಿ.ಮೀ. ಒಂದು ಸಲ ಕೊಡಿ ಸಾಕು. ಎಕರೆಗೆ 2 ಲಕ್ಷ ಲೀಟರ್, ಮೂರು ದಿನದ ಕೆಲಸ. ಹಾಯಿ ನೀರು ಬಿಡಬೇಡಿ, ಬಿರುಕಿನಲ್ಲಿ ಇಳಿದು ಲೆಕ್ಕ ತಪ್ಪುತ್ತದೆ. ಒಂಬತ್ತು ಎಕರೆಗೂ ತಿಂಗಳೊಳಗೆ ಮುಗಿಯುತ್ತದೆ. ಆ ಹೊತ್ತಿಗೆ ಬೋರ್ ಇನ್ನೂ ಚೆನ್ನಾಗಿರುತ್ತದೆ.

ಕಾಲುವೆ ನೀರು ಬರುತ್ತದಲ್ಲ ಅಂತ ಅಪ್ಪ ಕೇಳಬಹುದು. ಅಥಣಿ, ಜಮಖಂಡಿ, ಮುಧೋಳದ ಕಡೆ ಸವಳು ಜವಳಾದ ಹೊಲಗಳನ್ನು ಅವರಿಗೆ ತೋರಿಸಿ. ಎರೆ ಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ವರ್ಷವಿಡೀ ನೀರು ನಿಲ್ಲಿಸಿದರೆ ತಳದ ಉಪ್ಪು ಮೇಲೆ ಬರುತ್ತದೆ. ಉಜ್ಬೇಕಿಸ್ತಾನದಲ್ಲಿ ಹತ್ತಿಗಾಗಿ ಎರಡು ನದಿ ತಿರುಗಿಸಿದರು. ಅರಲ್ ಸಮುದ್ರವೂ ಒಣಗಿತು, ಹೊಲಗಳಲ್ಲೂ ಉಪ್ಪೆದ್ದಿತು. ಕಾಲುವೆ ನೀರು ಬಂದರೆ ಬೇಡ ಅನ್ನಬೇಡಿ. ಅದನ್ನು ಕೃಷಿ ಹೊಂಡಕ್ಕೆ ತುಂಬಿಸಿಕೊಂಡು ಹಿಂಗಾರಿಗೆ ಒಂದೆರಡು ನೀರು ಕೊಡಿ.

ಕೈಯಲ್ಲಿ ರೊಕ್ಕ ಓಡಾಡುವ ಬೆಳೆಯೂ ಬೇಕು, ಅದು ನನಗೆ ಅರ್ಥವಾಗುತ್ತದೆ. ಮಡ್ಡಿಯ ಕೆಳ ಅಂಚಿನಲ್ಲಿ ಒಂದು ಅರ್ಧ ಎಕರೆ ಲಿಂಬೆಗೆ ಇಡಬಹುದು, ಹನಿ ಹಾಕಿ. ಇಸ್ರೇಲ್ ಅಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ಗಿಡ ತರುವ ಮುಂಚೆ ಮೇ ತಿಂಗಳ ಬೋರ್ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕೊಡಿ. ಮಳೆಗಾಲದ ನೀರು ಕೊಟ್ಟರೆ ಉಪ್ಪು ಕಮ್ಮಿ ತೋರಿಸಿ ನಿಮ್ಮನ್ನು ಹಳ್ಳಕ್ಕೆ ಕೆಡವುತ್ತದೆ. ಆ ವರದಿ, ಡ್ರಮ್ ತುಂಬಿದ ಸೆಕೆಂಡು, ಎರಡನ್ನೂ ಬರೆದು ಕಳಿಸಿ. ಲಿಂಬೆ ಎಷ್ಟು ಗಿಡ, ಎಷ್ಟು ಅಂತರ ಅನ್ನೋದನ್ನ ಆಮೇಲೆ ಹೇಳುತ್ತೇನೆ.